ಕೋರ್ಸ್ ಕೊಳ್ಳುವ ಮುನ್ನ ಎರಡು ಮಾತು

ನಾನು ಓದಿದ್ದು ಮೆಕ್ಯಾನಿಕಲ್, ಅನ್ನ ಹಾಕುತ್ತಿರುವುದು ಸಾಫ್ಟ್‌ವೇರ್. ನಡುವಿನ ಸೇತುವೆ ಒಂದು ಆನ್‌ಲೈನ್ ಕೋರ್ಸ್. ಹಾಗಾಗಿ ಊರಿನ ಕಡೆಯವರಿಗೆ ಈ ವಿಷಯದಲ್ಲಿ ನಾನೀಗ ಒಂಥರಾ ಪಂಡಿತ. ಕಳೆದ ತಿಂಗಳು ಚಿಕ್ಕಪ್ಪನ ಮಗ ಫೋನ್ ಮಾಡಿದ. "ಅಣ್ಣಾ, ಡೇಟಾ ಸೈನ್ಸ್ ಕೋರ್ಸ್, ಎರಡು ಲಕ್ಷ. ಇಎಂಐ ಇದೆ, ಕೆಲಸ ಗ್ಯಾರಂಟಿ ಅಂತಾರೆ. ಸೇರ್ಲಾ?" ಚಿಕ್ಕಪ್ಪನಿಗಿರುವುದು ಒಂದೂವರೆ ಎಕರೆ ಅಡಿಕೆ ತೋಟ. ಹ್ಞೂಂ ಅಂದ್ರೂ ಕಷ್ಟ, ಬೇಡ ಅಂದ್ರೂ ಕಷ್ಟ. ಒಂದು ವಾರ ಟೈಮ್ ಕೊಡು ಅಂದೆ. ಆ ವಾರದಲ್ಲಿ ಯೋಚಿಸಿದ್ದನ್ನೇ ಇಲ್ಲಿ ಬರೀತಿದ್ದೇನೆ.

ಮೊದಲು ಲಾಭದ ಮಾತು. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಲ್ಲಿ ಎನ್‌ಪಿಟಿಇಎಲ್ ಶುರು ಮಾಡಿದವು. ನಾನು ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಕೂತಿದ್ದಾಗ ಅದರಲ್ಲೇ ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್‌ನ ಮಾಧವನ್ ಮುಕುಂದ್ ಅವರ ಪೈಥಾನ್ ಕೋರ್ಸ್ ಮಾಡಿದೆ. ಪಾಠಕ್ಕೆ ದುಡ್ಡಿಲ್ಲ, ಪರೀಕ್ಷೆಗೆ ಸುಮಾರು ಸಾವಿರ ರೂಪಾಯಿ. ಐಐಟಿ ಗೇಟು ದಾಟದ ನನ್ನಂಥವನಿಗೆ ಅಂಥ ಮೇಷ್ಟ್ರು ಸಿಕ್ಕಿದ್ದು ಸಣ್ಣ ವಿಷಯ ಅಲ್ಲ. ಅರ್ಥ ಆಗದಿದ್ದರೆ ವಿಡಿಯೊ ಹಿಂದಕ್ಕೆ ಎಳೆದು ನಾಲ್ಕು ಸಲ ಕೇಳಬಹುದು. ಇಂಗ್ಲಿಷಿನಲ್ಲಿ ಹಿಂದಿದ್ದ ನನಗೆ ಅದೇ ದೊಡ್ಡ ವರ. ಕ್ಲಾಸಿನಲ್ಲಿ "ಸರ್, ಇನ್ನೊಂದ್ಸಲ" ಅಂತ ನಾಲ್ಕನೇ ಬಾರಿ ಕೇಳೋಕೆ ಯಾರಿಗೆ ಧೈರ್ಯ ಇದೆ ಹೇಳಿ?

ಆದರೆ ನನ್ನನ್ನು ದಡ ಸೇರಿಸಿದ್ದು ಬರೀ ವಿಡಿಯೊ ಅಲ್ಲ. ವಾರವಾರ ಅಸೈನ್‌ಮೆಂಟ್, ಅದಕ್ಕೊಂದು ಡೆಡ್‌ಲೈನ್, ಕೊನೆಗೆ ಕೇಂದ್ರಕ್ಕೇ ಹೋಗಿ ಬರೆಯುವ ಪರೀಕ್ಷೆ. ಜೊತೆಗೆ ರೂಮ್‌ಮೇಟ್ ಕೂಡ ಅದೇ ಕೋರ್ಸ್ ಸೇರಿದ್ದ. ಅವನು ಮುಂದೆ ಹೋದಾನು ಅನ್ನೋ ಹೊಟ್ಟೆಕಿಚ್ಚಿಗಾದರೂ ನಾನು ಕೂರುತ್ತಿದ್ದೆ. ಇದಿಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಹಳೇ ಉದಾಹರಣೆ ಇದೆ. 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆ ಕೋರ್ಸನ್ನು ಉಚಿತವಾಗಿ ಆನ್‌ಲೈನ್‌ಗೆ ತೆರೆದಾಗ ಸುಮಾರು 1,60,000 ಜನ ಹೆಸರು ಹಚ್ಚಿದರು. ಮುಗಿಸಿದವರು ಇಪ್ಪತ್ತು ಸಾವಿರ ಚಿಲ್ಲರೆ. ಸೇರುವುದು ಒಂದು ಕ್ಲಿಕ್ಕಿನ ಕೆಲಸ, ಬಿಡುವುದಕ್ಕೆ ಆ ಕ್ಲಿಕ್ಕೂ ಬೇಡ.

ಇನ್ನು ಮೇಷ್ಟ್ರ ಕಡೆಯಿಂದ ನೋಡಿ. ನನ್ನ ಅಕ್ಕ ಸಾಗರ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಟೀಚರ್. ಲಾಕ್‌ಡೌನ್ ಬಂದಾಗ ಅವಳ ಮಕ್ಕಳಲ್ಲಿ ಅರ್ಧ ಜನರ ಮನೆಯಲ್ಲಿ ಒಂದೇ ಫೋನು, ಅದೂ ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತಿತ್ತು. ಉಳಿದವರು ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಬೇಕು. 2020ರ ಆಗಸ್ಟ್‌ನಲ್ಲಿ ಸರ್ಕಾರ ವಿದ್ಯಾಗಮ ಶುರು ಮಾಡಿದಾಗ ಅಕ್ಕ ದೇವಸ್ಥಾನದ ಜಗಲಿ ಮೇಲೆ ಮಕ್ಕಳನ್ನು ದೂರದೂರ ಕೂರಿಸಿ ಪಾಠ ಮಾಡಿದಳು. ಕೊರೊನಾ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು. "ಫೋನಿನಲ್ಲಿ ಮಗುವಿನ ಮುಖ ಕಾಣ್ತದೆ ಮಾರಾಯ, ಅದರ ನೋಟ್‌ಬುಕ್ ಕಾಣೋದಿಲ್ಲ. ಭಾಗಾಕಾರದಲ್ಲಿ ಎಲ್ಲಿ ಎಡವಿತು ಅಂತ ಹೇಗೆ ಹೇಳೋದು?" ಅಂತಿದ್ದಳು.

ಅದೇ ವರ್ಷ ಶಿಕ್ಷಕರಿಗೂ ದೀಕ್ಷಾ ಆ್ಯಪ್‌ನಲ್ಲಿ ನಿಷ್ಠಾ ತರಬೇತಿ ಬಂತು, 18 ಮಾಡ್ಯೂಲ್. ಅಕ್ಕನಿಗೆ ಇದು ಇಷ್ಟವೇ ಆಯಿತು. ತಾಲ್ಲೂಕು ಕೇಂದ್ರಕ್ಕೆ ಬಸ್ಸು ಹಿಡಿದು ಓಡಬೇಕಿಲ್ಲ, ರಾತ್ರಿ ಮಗಳು ಮಲಗಿದ ಮೇಲೆ ಕೇಳಬಹುದು. ಅವಳ ಕೆಲವು ಸಹೋದ್ಯೋಗಿಗಳು ಮಾತ್ರ ವಿಡಿಯೊ ಓಡಲು ಬಿಟ್ಟು ಒಗ್ಗರಣೆ ಹಾಕುತ್ತಿದ್ದರಂತೆ. ಪ್ರಮಾಣಪತ್ರ ಇಬ್ಬರಿಗೂ ಒಂದೇ.

ಇನ್ನೊಂದು ಮುಖವೂ ಇದೆ. ನನ್ನ ಕ್ಲಾಸ್‌ಮೇಟ್ ಒಬ್ಬಳು ಖಾಸಗಿ ಕಾಲೇಜೊಂದರಲ್ಲಿ ಲೆಕ್ಚರರ್ ಆಗಿದ್ದಳು. ಕೊರೊನಾ ಕಾಲದಲ್ಲಿ ಇಡೀ ಸೆಮಿಸ್ಟರಿನ ಪಾಠ ರೆಕಾರ್ಡ್ ಮಾಡಿಕೊಟ್ಟಳು. ಮರುವರ್ಷ ಗುತ್ತಿಗೆ ಮುಂದುವರಿಯಲಿಲ್ಲ. ವಿಡಿಯೊಗಳು ಮಾತ್ರ ಮುಂದುವರಿದವು. "ನನ್ನ ಧ್ವನಿ ಇನ್ನೂ ಅಲ್ಲೇ ಕೆಲಸ ಮಾಡ್ತಿದೆ, ಸಂಬಳ ಇಲ್ಲದೆ" ಅಂತ ನಗುತ್ತಾಳೆ. ಆ ನಗು ಕೇಳೋಕೆ ಕಷ್ಟ. ಹೊಸದಾಗಿ ಪಾಠ ರೆಕಾರ್ಡ್ ಮಾಡಿಕೊಡುವ ಮೇಷ್ಟ್ರುಗಳು ಅದರ ಹಕ್ಕು ಯಾರದ್ದು, ಎಷ್ಟು ವರ್ಷ ಅಂತ ಮೊದಲೇ ಬರೆಸಿಕೊಳ್ಳುವುದು ಒಳ್ಳೆಯದು.

ಒಂದು ವಾರದ ಮೇಲೆ ತಮ್ಮನಿಗೆ ಹೇಳಿದ್ದು ಇಷ್ಟು. ಮೊದಲು ಅದೇ ವಿಷಯದ ಒಂದು ಉಚಿತ ಕೋರ್ಸ್ ಪೂರ್ತಿ ಮುಗಿಸು. ಸ್ವಯಂ ಪೋರ್ಟಲ್ 2017ರಿಂದಲೂ ಇದೆ, ಹುಡುಕಿದರೆ ಸಿಗುತ್ತೆ. ಎರಡನೇ ವಾರಕ್ಕೇ ಬೇಜಾರಾದರೆ, ಎರಡು ಲಕ್ಷದ ಕೋರ್ಸಿನಲ್ಲೂ ಅದೇ ಆಗುತ್ತೆ. ಆಮೇಲೆ ಆ ಕಂಪನಿಯವರಿಗೆ ಮೂರು ಪ್ರಶ್ನೆ ಕೇಳು: ನನ್ನ ಕೋಡ್ ಓದಿ ತಿದ್ದುವವರು ಯಾರು? ಮಧ್ಯೆ ಬಿಟ್ಟರೆ ಎಷ್ಟು ವಾಪಸ್? ಗ್ಯಾರಂಟಿ ಅಂದರೆ ಕೆಲಸದ್ದಾ, ಬರೀ ಸಂದರ್ಶನದ್ದಾ? ಉತ್ತರ ಬಾಯಿಮಾತಲ್ಲಿ ಬೇಡ, ಬರಹದಲ್ಲಿ ಬರಲಿ. ಇಎಂಐ ಅಂದರೆ ಎಷ್ಟೋ ಸಲ ಅದು ಬೇರೊಂದು ಸಂಸ್ಥೆ ಕೊಡುವ ಸಾಲ. ಕೋರ್ಸ್ ಇಷ್ಟವಾಗದಿದ್ದರೂ ಕಂತು ನಿಲ್ಲೋದಿಲ್ಲ. ಖಾತೆಯಿಂದ ತಾನಾಗಿ ದುಡ್ಡು ಕಡಿತವಾಗುವ ವ್ಯವಸ್ಥೆಗೆ ಒಪ್ಪಬೇಡಿ ಅಂತ ಕೇಂದ್ರ ಶಿಕ್ಷಣ ಸಚಿವಾಲಯವೇ 2021ರ ಡಿಸೆಂಬರ್‌ನಲ್ಲಿ ಎಚ್ಚರಿಸಿತ್ತು.

ಹುಡುಗನಿಗೆ ಸ್ವಲ್ಪ ಸಿಟ್ಟು ಬಂತು. "ನೀನು ಮಾತ್ರ ಫ್ರೀಯಾಗಿ ಬೆಂಗಳೂರು ಸೇರ್ಕೊಂಡೆ" ಅಂದ. ಅವನ ಮಾತಿನಲ್ಲಿ ಸತ್ಯ ಇಲ್ಲ ಅನ್ನಲಾರೆ. ನನಗೆ ಕೆಲಸ ಸಿಕ್ಕಾಗ ಪೈಪೋಟಿ ಇಷ್ಟಿರಲಿಲ್ಲ, ಪಕ್ಕದಲ್ಲಿ ರೂಮ್‌ಮೇಟ್ ಇದ್ದ. ಅವನಿಗೆ ಊರಿನಲ್ಲಿ ಜೊತೆಗಾರರಿಲ್ಲ. ಅದಕ್ಕೇ ಭಾನುವಾರ ರಾತ್ರಿ ಒಂಬತ್ತಕ್ಕೆ ಒಂದು ಗಂಟೆ ಅವನ ಜೊತೆ ಕೂರ್ತೀನಿ ಅಂದಿದ್ದೇನೆ. ಅಸೈನ್‌ಮೆಂಟ್ ತೋರಿಸಬೇಕು, ತಪ್ಪಿದ್ದರೆ ಬೈಸಿಕೊಳ್ಳಬೇಕು. ಈಗ ಮೂರನೇ ವಾರ ನಡೀತಿದೆ. ಇಎಂಐ ಫಾರಂ ಇನ್ನೂ ತುಂಬಿಲ್ಲ. ಲೂಪ್ ಮಾತ್ರ ಅರ್ಥ ಆಯ್ತಂತೆ.