ಕಾರಂಜಿಗೆ ಯಾವ ಕಲ್ಲು?

ನಿಡುಗಲ್ಲಿನ ಸೀಮೆಯಲ್ಲಿ, ಅಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಈ ಬಯಲಲ್ಲಿ, ಮನೆಯಲ್ಲಿ ಕಾರಂಜಿ ಮಾಡುತ್ತೇವೆ ಎಂದರೆ ಕೇಳಿದವರು ಮೊದಲು ನಗುತ್ತಾರೆ. ಕುಡಿಯುವ ನೀರಿಗೆ ಕೊಡ ಹಿಡಿದು ಸಾಲು ನಿಂತ ಜನಕ್ಕೆ ಕಾರಂಜಿಯೇ? ಆ ನಗು ನ್ಯಾಯವಾದದ್ದೇ. ಆದರೆ ನೀರಿನ ಸೊಬಗಿನ ಕನಸು ಈ ಸೀಮೆಗೆ ಹೊಸದೇನಲ್ಲ. 17ನೇ ಶತಮಾನದಲ್ಲಿ ಶಿರಾ ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿತ್ತು. ಅದೇ ಬಿಜಾಪುರದ ಇಬ್ರಾಹಿಂ ರೋಜಾದಲ್ಲಿ ಗೋರಿಗೂ ಮಸೀದಿಗೂ ನಡುವೆ ಹೌಜು, ಹೌಜಿನಲ್ಲಿ ಕಾರಂಜಿ. 1687ರಲ್ಲಿ ಶಿರಾ ಮೊಗಲರ ಸುಬಾದ ರಾಜಧಾನಿಯಾಯಿತು. ಅಲ್ಲಿದ್ದ ಖಾನ್ ಬಾಗ್ ಎಂಬ ತೋಟವೇ ಹೈದರಾಲಿಗೆ ಬೆಂಗಳೂರಿನ ಲಾಲ್‌ಬಾಗ್ ಮಾಡಲು ಪ್ರೇರಣೆಯಾಯಿತೆಂಬ ಮಾತಿದೆ. ಆ ತೋಟದ ವೈಭವ ಇಂದು ಮಾತಿನಲ್ಲಷ್ಟೇ ಉಳಿದಿದೆ. ನಿಂತಿರುವುದು 1651ರ ಮಲಿಕ್ ರಿಹಾನ್ ಗೋರಿ, 1696ರ ಜುಮ್ಮಾ ಮಸೀದಿ. ಅಂದರೆ ಕಲ್ಲು.

ನಮ್ಮ ಮನೆಗೆ ಕಾರಂಜಿ ಬೇಕಾದದ್ದು ಸೊಬಗಿಗಲ್ಲ. ನಮ್ಮ ಅಮ್ಮಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣಿನ ಬೆಳಕು ಹೋಯಿತು. ದಿನವಿಡೀ ಪಡಸಾಲೆಯಲ್ಲಿ ಕೂತಿರುತ್ತಾರೆ. ಅವರು ಹುಟ್ಟಿ ಬೆಳೆದದ್ದು ಪಾವಗಡ ತಾಲ್ಲೂಕಿನಲ್ಲಿ, ನಿಡುಗಲ್ಲು ಬೆಟ್ಟದ ಕೆಳಗಿನ ಹಳ್ಳಿಯಲ್ಲಿ. ಬಾವಿಯಿಂದ ನೀರು ಹೊತ್ತೇ ದೊಡ್ಡವರಾದವರು. ಈಗಲೂ ನಲ್ಲಿಯ ಕೆಳಗೆ ಕೊಡ ಇಟ್ಟರೆ ಕೂತಲ್ಲಿಂದಲೇ "ಮುಕ್ಕಾಲಾಯ್ತು", "ಇನ್ನು ತೆಗಿ" ಎನ್ನುತ್ತಾರೆ. ಕೊಡದಲ್ಲಿ ನೀರು ಏರಿದಂತೆ ಒಳಗಿನ ಗಾಳಿಯ ಜಾಗ ಕಿರಿದಾಗಿ ದನಿ ತೆಳುವಾಗುತ್ತ ಹೋಗುತ್ತದೆ. ಕಣ್ಣಿದ್ದ ನಾವು ಅದನ್ನು ಕೇಳಿಸಿಕೊಂಡಿರಲಿಲ್ಲ. ಅವರ ಪಕ್ಕದಲ್ಲಿ ಒಂದಿಷ್ಟು ನೀರಿನ ದನಿ ಇರಲಿ ಎಂದುಕೊಂಡೆವು.

ಹೀಗೆ, ಕಾಣದವರಿಗೆ ಅಲಂಕಾರ ಆರಿಸುವ ಕೆಲಸ ನಮ್ಮ ಪಾಲಿಗೆ ಬಂತು.

ಮಗ ಬೆಂಗಳೂರಿನಿಂದ ಒಂದು ಚೀಲ ತಂದ. ಬಣ್ಣದ ಕಲ್ಲು, ಗಾಜಿನ ಗೋಲಿ, ಕಡಲ ಚಿಪ್ಪು, ಬೆರಳಷ್ಟು ಅಮೃತಶಿಲೆಯ ತುಂಡುಗಳು. ನೋಡಲು ಚಂದವೇ. ಆದರೆ ನಮ್ಮ ಬೋರ್‌ವೆಲ್ ನೀರಿನ ಗುಣ ಬಲ್ಲವರಿಗೆ ಮುಂದಿನ ಕತೆ ಗೊತ್ತು. ಗಡಸು ನೀರು ಆರಿದಲ್ಲೆಲ್ಲ ಬಿಳಿ ಪೊರೆ ಕಟ್ಟುತ್ತದೆ. ನುಣುಪಾದ ಕಪ್ಪು ಕಲ್ಲಿನ ಮೇಲಂತೂ ಅದು ಎದ್ದು ಕಾಣುತ್ತದೆ. ಅದನ್ನು ತೆಗೆಯಲು ನಿಂಬೆರಸವೋ ವಿನೆಗರೋ ಬೇಕು. ಆ ಹುಳಿ ಪೊರೆಯನ್ನು ಮಾತ್ರ ತಿನ್ನುವುದಿಲ್ಲ. ಅಮೃತಶಿಲೆ, ಚಿಪ್ಪು, ನಮ್ಮ ಅಡುಗೆಮನೆಗಳಲ್ಲಿರುವ ಕಡಪ ಕಲ್ಲು, ಶಹಾಬಾದ್ ಕಲ್ಲು ಎಲ್ಲವೂ ಸುಣ್ಣದ ಜಾತಿಯವು. ಪೊರೆಯ ಜೊತೆಗೆ ಅವುಗಳ ಹೊಳಪೂ ಹೋಗುತ್ತದೆ. ಬಣ್ಣ ಬಳಿದ ಕಲ್ಲುಗಳನ್ನು ಒಂದು ರಾತ್ರಿ ಬಕೆಟ್ಟಿನಲ್ಲಿ ನೆನೆಸಿಟ್ಟೆವು. ಬೆಳಿಗ್ಗೆ ನೀರೇ ಬಣ್ಣ ಹೇಳಿತು. ಗಾಜಿನ ಗೋಲಿ ಪರೀಕ್ಷೆಯಲ್ಲಿ ಗೆದ್ದಿತು. ಅದಕ್ಕೆ ಹುಳಿಯ ಭಯವೂ ಇಲ್ಲ, ಬಣ್ಣ ಬಿಡುವ ಚಿಂತೆಯೂ ಇಲ್ಲ.

ಹೊಳೆಯ ಉರುಟುಗಲ್ಲು ತರಬಹುದೆಂದು ಯಾರೋ ಸೂಚಿಸಿದರು. ಹೊಳೆ ಎಂದರೆ ನಮಗೆ ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಹಾದು ಪಿನಾಕಿನಿ ಸೇರುವ ಜಯಮಂಗಲಿ. ಮರಳು ತೆಗೆದು ತೆಗೆದು ಅದರ ಒಡಲು ಈಗಾಗಲೇ ಬರಿದಾಗಿದೆ. ಮಳೆ ನೀರನ್ನು ಹಿಡಿದು ನೆಲಕ್ಕೆ ಇಳಿಸುತ್ತಿದ್ದದ್ದು ಆ ಮರಳೇ. ನಮ್ಮ ಪಡಸಾಲೆಯ ನೀರಾಟಕ್ಕೆ ಹೊಳೆಯ ಕಲ್ಲನ್ನೂ ಹೊರುವುದೇ? ಬೇಡವೆಂದೆವು.

ಉಳಿದದ್ದು ಹಿತ್ತಲ ಮೂಲೆಯ ಒರಳು. ಮಿಕ್ಸಿ ಬಂದ ಮೇಲೆ ಈ ಕಡೆಯ ಮನೆಮನೆಯ ಒರಳೂ ಹೊರಗೆ ಬಿದ್ದಿದೆ. ನಮ್ಮದು ಬೂದು ಬಣ್ಣದಲ್ಲಿ ನಸುಗೆಂಪು ಬೆರೆತ ಕಣಶಿಲೆ. ರಾಮನಗರದಿಂದ ಮಧುಗಿರಿಯ ಏಕಶಿಲೆ, ಪಾವಗಡದ ಬೆಟ್ಟಗಳವರೆಗೂ ಹಬ್ಬಿದ ಈ ಶಿಲೆಯನ್ನು ಭೂವಿಜ್ಞಾನಿಗಳು ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಹುಳಿಗೆ ಜಗ್ಗುವುದಿಲ್ಲ, ಬಿಳಿ ಪೊರೆ ಕೂತರೂ ಬೂದು ಮೈಯಲ್ಲಿ ಎದ್ದು ಕಾಣುವುದಿಲ್ಲ. ಪಾವಗಡದ ನೀರಿನಲ್ಲಿ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡು ಸೇರುವುದೂ ಇಂಥ ಶಿಲೆಗಳ ಖನಿಜದಿಂದಲೇ. ಈ ಕಲ್ಲು ನಮ್ಮ ಬೆಟ್ಟವೂ ಹೌದು, ನಮ್ಮ ರೋಗವೂ ಹೌದು.

ಪೈಪು ತೂರಿಸಲು ಒರಳಿನ ತಳಕ್ಕೆ ತೂತು ಬೇಕಿತ್ತು. ಕಲ್ಲು ಕೆಲಸದವನು ತಟ್ಟಿ ನೋಡಿ, "ಸಾಬ್ರೇ, ಸೀಳಿದ್ರೆ ನಾನು ಹೊಣೆ ಅಲ್ಲ" ಎಂದ. ಅಷ್ಟರಲ್ಲಿ ಅಮ್ಮಿ ಒಳಗಿನಿಂದಲೇ ಹೇಳಿದರು: "ಅನ್ನ ಕೊಟ್ಟ ಕಲ್ಲಿಗೆ ತೂತು ಹೊಡೀಬೇಡ ಬೇಟಾ." ಪೈಪು ಹಿಂಬದಿಯಿಂದ ಏರಿತು. ಕೂಲರಿಗೆ ಹಾಕುವ 18 ವ್ಯಾಟಿನ ಪಂಪು, ಕೆಳಗೆ 20 ಲೀಟರ್ ಹಿಡಿಯುವ ಟಬ್ಬು, ಟಬ್ಬಿನ ಅರ್ಧಕ್ಕೆ ಚಪ್ಪಡಿ, ಅದರ ಮೇಲೆ ಒರಳು. ಹೊಸ ಸಿಮೆಂಟು ಹಲವು ದಿನ ನೀರಿಗೆ ಸುಣ್ಣ ಬಿಡುತ್ತದೆಂದು ಅದನ್ನು ಮುಟ್ಟಲೇ ಇಲ್ಲ.

ನೀರು ತುಂಬಿ ಒರಳಿನ ಮೈಮೇಲೆ ಇಳಿಯಿತು. ನಮಗೆಲ್ಲ ಖುಷಿ. ಅಮ್ಮಿ ಸ್ವಲ್ಪ ಹೊತ್ತು ಕಿವಿಗೊಟ್ಟು, "ಶುರು ಮಾಡಲಿಲ್ಲವೇ?" ಎಂದು ಕೇಳಿದರು! ಕಲ್ಲಿಗೆ ಅಂಟಿ ಜಾರುವ ನೀರಿಗೆ ದನಿಯಿಲ್ಲ. ಹನಿ ಬಿದ್ದಾಗ ಕೇಳುವ ಆ "ಟಪ್" ಹನಿಯದಲ್ಲ. ಹನಿಯ ಕೆಳಗೆ ಸಿಕ್ಕಿಬಿದ್ದ ಗಾಳಿಯ ಗುಳ್ಳೆ ನೀರಿನೊಳಗೆ ನಡುಗುವುದರಿಂದ ಹುಟ್ಟುವ ಸದ್ದು ಅದು. 2018ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ವೇಗದ ಕ್ಯಾಮೆರಾ ಇಟ್ಟು ಇದನ್ನು ವಿವರಿಸಿದರು. ಗುಳ್ಳೆ ಹುಟ್ಟಲು ಕೆಳಗೆ ಆಳದ ನೀರು ಬೇಕು. ನಾವೋ ಟಬ್ಬಿನ ತೆರೆದ ಅರ್ಧದ ತುಂಬ ಗೋಲಿ ಸುರಿದಿದ್ದೆವು. ಅವನ್ನು ಬಾಚಿ ಅಂಚಿಗೆ ಒಂದು ಹಿಡಿಯಷ್ಟೇ ಉಳಿಸಿ, ಒರಳಿನ ಬಾಯಿಗೆ ತಾಮ್ರದ ತಗಡಿನ ಚಿಕ್ಕ ನಾಲಗೆ ಕೂರಿಸಿದೆವು. ನೀರು ಕಲ್ಲು ಬಿಟ್ಟು ಹನಿಹನಿಯಾಗಿ ಆಳಕ್ಕೆ ಬಿತ್ತು. ಅಮ್ಮಿಯ ಮುಖ ಆ ಕಡೆ ತಿರುಗಿತು. ಹೆಚ್ಚು ಸಾಮಾನು ಹಾಕಿದಷ್ಟೂ ನೀರು ಮೂಕವಾಗುತ್ತದೆಂದು ಅಂಗಡಿಯವರು ಯಾಕೆ ಹೇಳಿಯಾರು?

ಆದರೂ ಅಮ್ಮಿ ಷರತ್ತು ಹಾಕಿದರು. "ಪಕ್ಕದ ಮನೆಯವರು ಖಾಲಿ ಕೊಡ ಇಟ್ಟುಕೊಂಡು ಕೂತಿರುವಾಗ ನಮ್ಮಲ್ಲಿ ನೀರು ಆಡಬಾರದು. ಸದ್ದು ಗೋಡೆ ದಾಟುತ್ತದೆ." ಕಾಣದಂತೆ ಮರೆ ಮಾಡಿದರಾಯಿತು ಎಂದುಕೊಂಡಿದ್ದ ನಮಗೆ ಈ ಮಾತು ನಾಟಿತು. ಶ್ರೀಮಂತಿಕೆಯನ್ನು ಪರದೆಯ ಹಿಂದೆ ಇಡಬಹುದು, ಬಾಯಾರಿದವನ ಕಿವಿಗೆ ಪರದೆ ಎಲ್ಲಿ? ಹೀಗಾಗಿ ಕಾರಂಜಿಗೆ ಮಳೆ ನೀರು ಮಾತ್ರ. ಹತ್ತು ಚದರ ಮೀಟರ್ ತಾರಸಿಗೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಲೆಕ್ಕಕ್ಕೆ 100 ಲೀಟರ್. ಸೋರಿದ್ದು ಹೋದರೂ ಟಬ್ಬು ಮೂರು ನಾಲ್ಕು ಸಲ ತುಂಬುತ್ತದೆ. ಮಳೆ ನೀರು ಗಡಸಲ್ಲದ ಕಾರಣ ಪೊರೆಯ ಕಾಟವೂ ಕಡಿಮೆ. ಸೊಳ್ಳೆ ಮೊಟ್ಟೆ ಇಡದಂತೆ ವಾರಕ್ಕೊಮ್ಮೆ ನೀರು ಬದಲು. ಹಳೆಯದು ಕರಿಬೇವಿನ ಬುಡಕ್ಕೆ. ಬೀದಿಗೆ ಟ್ಯಾಂಕರ್ ಬಂದ ದಿನ, ಡ್ರಮ್ಮಿನ ಮಳೆ ನೀರು ಮುಗಿದ ದಿನ, ಸ್ವಿಚ್ಚು ಬಂದ್.

ಎಂದರೆ ವರ್ಷದ ಅರ್ಧ ನಮ್ಮ ಕಾರಂಜಿ ಒಣಗಿಯೇ ಇರುತ್ತದೆ. ಆರಿಸಿದ ವಸ್ತುವಿನ ನಿಜವಾದ ಪರೀಕ್ಷೆ ಆಗಲೇ. ನೀರಿಲ್ಲದ ಬಣ್ಣದ ಕಲ್ಲು, ದೀಪದ ಸರ, ಪ್ಲಾಸ್ಟಿಕ್ ಕಮಲ ಜಾತ್ರೆ ಮುಗಿದ ಮೈದಾನದಂತೆ ಕಾಣುತ್ತವೆ. ಒಣಗಿದ ಒರಳು ಮಾತ್ರ ಒರಳಾಗಿಯೇ ಇರುತ್ತದೆ. ಮಲೆನಾಡಿನವರು ನೀರಿಗೆ ಒಪ್ಪುವ ಅಲಂಕಾರ ಹುಡುಕಲಿ. ನಮ್ಮ ಸೀಮೆಯವರು ಕಾರಂಜಿಗೆ ಸಾಮಾನು ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನೀರು ಬಾರದ ದಿನ ಇದರ ಮುಖ ಹೇಗಿರುತ್ತದೆ?