ಎಡಗೈಗೊಂದು ಚಾಕು

ಹಳ್ಳಿಯಲ್ಲಿ ವಿಜ್ಞಾನದ ಮೇಷ್ಟ್ರಾದವನಿಗೆ ಪಾಠದಾಚೆಯ ಪ್ರಶ್ನೆಗಳೇ ಹೆಚ್ಚು. ಕೊಳವೆಬಾವಿಯ ನೀರಿನಲ್ಲಿ ಬೇಳೆ ಯಾಕೆ ಬೇಯುವುದಿಲ್ಲ, ಬ್ಯಾಟರಿಗೆ ಎಂಥ ನೀರು ಹಾಕಬೇಕು, ಎಲ್ಲಕ್ಕೂ ನಾನೇ ಉತ್ತರ ಕೊಡಬೇಕು. ಬಿ.ಎಸ್ಸಿ., ಬಿ.ಇಡಿ. ಓದಿದ ತಪ್ಪಿಗೆ ಅಷ್ಟಾದರೂ ಬೇಡವೇ! ಆದರೆ ಕಳೆದ ಬೇಸಿಗೆಯಲ್ಲಿ ಪಿಲ್ಲಗುಂಪೆಯ ನಮ್ಮ ಬೀದಿಯ ರೈತರೊಬ್ಬರು ಕೇಳಿದ್ದು ಹೊಸ ಪ್ರಶ್ನೆ. “ಮೇಷ್ಟ್ರೇ, ನಮ್ಮ ಹುಡುಗಿ ನರ್ಸರೀಲಿ ಗುಲಾಬಿಗೆ ಕಣ್ಣುಕಸಿ ಮಾಡೋದು ಕಲೀತಾವ್ಳೆ. ಒಂದ್ ಒಳ್ಳೆ ಚಾಕು ಕೊಡಿಸ್ಬೇಕು, ಯಾವ್ದು ತಕ್ಕೊಳ್ಳಾನ?”

ಒಳಗಿನಿಂದ ಅವರ ಹೆಂಡತಿಯ ಮಾತು ಬಂತು. “ಮಗೀನ ಕೈಗೆ ಅಷ್ಟು ಚೂಪಾದ್ದು ಯಾಕೆ ಸಾರ್? ಮನೇಲಿರೋ ಚಾಕು ಸಾಲ್ದಾ?”

ಹುಡುಗಿಯ ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಮನೆಯಲ್ಲಿದ್ದ ಆ ಮೊಂಡು ಚಾಕುವೇ ಮಾಡಿದ ಗಾಯ. ತಾಯಂದಿರ ಹೆದರಿಕೆ ನನಗೆ ಅರ್ಥವಾಗುತ್ತದೆ, ಆದರೆ ಇಲ್ಲಿ ಲೆಕ್ಕ ತಿರುಗುಮುರುಗು. ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ ಎಂದು ನಾವು ತರಗತಿಯಲ್ಲಿ ಬಾಯಿಪಾಠ ಮಾಡಿಸುತ್ತೇವಲ್ಲ, ಅದೇ. ಅಂಚು ತೆಳ್ಳಗಿದ್ದರೆ ಕಡಿಮೆ ಬಲ ಸಾಕು, ಕೈ ಹಿಡಿತದಲ್ಲಿರುತ್ತದೆ. ಅಂಚು ಮೊಂಡಾದರೆ ಅದುಮಬೇಕು. ಅದುಮಿದ ಚಾಕು ಜಾರಿದಾಗ ಅಷ್ಟೂ ಬಲ ಎದುರಿಗಿರುವ ಬೆರಳಿನ ಮೇಲೆ ಬೀಳುತ್ತದೆ.

ಗಿಡಕ್ಕೂ ಇದೇ ಮಾತು. ಕಣ್ಣುಕಸಿಯಲ್ಲಿ ಬೇರುಸಸಿಯ ತೊಗಟೆಯನ್ನು ಇಂಗ್ಲಿಷಿನ ‘ಟಿ’ ಅಕ್ಷರದಂತೆ ಸೀಳಿ, ಬೇಕಾದ ತಳಿಯ ಒಂದು ಮೊಗ್ಗನ್ನು ತೊಗಟೆಯ ಸಮೇತ ತೆಗೆದು ಅದರೊಳಗೆ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತಾರೆ. ತೊಗಟೆ ಮತ್ತು ಕಟ್ಟಿಗೆಯ ನಡುವೆ ಕ್ಯಾಂಬಿಯಂ ಎಂಬ ತೆಳುವಾದ ಪದರವಿದೆ. ಎರಡು ಗಿಡಗಳ ಆ ಪದರಗಳು ಒಂದಕ್ಕೊಂದು ತಾಗಿದರೆ ಮಾತ್ರ ಬೆಸುಗೆ. ಮೊಂಡು ಚಾಕು ಕೊಯ್ಯುವುದಿಲ್ಲ, ಜಜ್ಜುತ್ತದೆ. ಜಜ್ಜಿದ ಕೋಶಗಳು ಸತ್ತು ಮೊಗ್ಗು ಒಣಗುತ್ತದೆ. ಹಿಡಿದ ಕಣ್ಣಿನ ಲೆಕ್ಕದಲ್ಲಿ ಕೂಲಿ ಕೊಡುವ ಕಡೆ ಒಣಗಿದ ಕಣ್ಣಿಗೆ ಕಾಸಿಲ್ಲ.

ಹಾಗಾದರೆ ಶೇವಿಂಗ್ ಬ್ಲೇಡೇ ಸಾಕಲ್ಲ ಎನ್ನಬಹುದು. ಅದರ ದಪ್ಪ ೦.೧ ಮಿಲಿಮೀಟರ್. ಅಷ್ಟು ತೆಳ್ಳಗಿನದು ಗಟ್ಟಿ ಕಡ್ಡಿಗೆ ಬಳುಕುತ್ತದೆ, ಹಿಡಿಯಲು ಹಿಡಿಯೂ ಇಲ್ಲ. ಈರುಳ್ಳಿ ಪೊರೆಯ ಪ್ರಯೋಗಕ್ಕೆ ಸರಿ, ದಿನವಿಡೀ ದುಡಿಯುವ ಕೈಗಲ್ಲ. ನಮಗೆ ಬೇಕಾದದ್ದು ಬೆನ್ನು ಒಂದೂವರೆ ಮಿಲಿಮೀಟರ್ ಆಸುಪಾಸು ಇದ್ದು, ಅಂಚಿನ ಕಡೆಗೆ ಇಳಿಯುತ್ತ ತೆಳ್ಳಗಾಗುವ ಅಲಗು. ಅನೇಕ ಚಾಕುಗಳಲ್ಲಿ ಅಲಗು ಕೊನೆಯವರೆಗೂ ದಪ್ಪವಾಗಿದ್ದು, ತುದಿಯಲ್ಲಿ ಮಾತ್ರ ಸಾಣೆ ಹಿಡಿದಿರುತ್ತಾರೆ. ಅಂಗಡಿಯಲ್ಲಿ ಅದೂ ಚೂಪಾಗಿಯೇ ಕಾಣುತ್ತದೆ. ಆದರೆ ಕಡ್ಡಿಯೊಳಗೆ ಇಳಿಯುವಾಗ ಬೆಣೆಯಂತೆ ಸೀಳುತ್ತದೆ.

ಮಡಿಸುವ ಚಾಕು ಜೇಬಿಗೆ ಚೆನ್ನ. ಆದರೂ ನಾನು ಮಡಿಸದ್ದನ್ನೇ ಹೇಳಿದೆ. ಕೀಲಿನ ಸಂದಿಯಲ್ಲಿ ಗಿಡದ ರಸ, ಮಣ್ಣು ಸೇರಿದರೆ ತೊಳೆಯುವುದು ಕಷ್ಟ. ಗುಲಾಬಿಯ ಬುಡದಲ್ಲಿ ಗಂಟು ಬರಿಸುವ ಬ್ಯಾಕ್ಟೀರಿಯಾ ಗಿಡದಿಂದ ಗಿಡಕ್ಕೆ ಚಾಕುವಿನ ಮೇಲೆಯೇ ಸವಾರಿ ಮಾಡುತ್ತದೆ. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಆಗಾಗ ಒರೆಸಬೇಕು. ಕೀಲು ಸಡಿಲವಾದ ಚಾಕು ಬೆರಳ ಮೇಲೆಯೇ ಮಡಿಚಿಕೊಳ್ಳುವುದೂ ಉಂಟು. ಅಲಗು ಎರಡೂವರೆ ಅಂಗುಲ ಸಾಕು. ಚುಚ್ಚುವ ಮೊನೆ ಬೇಡವೇ ಬೇಡ.

ಇಷ್ಟು ಹೇಳುವಾಗ ಮತ್ತೆ ಆ ಹೆಬ್ಬೆರಳು ಕಣ್ಣಿಗೆ ಬಿತ್ತು. ಬಲಗೈಗೆ ಗಾಯವಾಗಿದೆಯೆಂದರೆ ಚಾಕು ಹಿಡಿದದ್ದು ಎಡಗೈ! ಕೇಳಿದರೆ ಹುಡುಗಿ ನಾಚಿಕೊಂಡಳು. ನಾಚಿಕೆಗೇನಿದೆ? ಆದರೆ ಚಾಕುವಿನ ಆಯ್ಕೆಗೆ ಇದು ಮುಖ್ಯ. ಕಸಿ ಚಾಕುಗಳಲ್ಲಿ ಹಲವಕ್ಕೆ ಒಂದೇ ಬದಿ ಸಾಣೆ. ಇನ್ನೊಂದು ಬದಿ ಚಪ್ಪಟೆ. ಬಲಗೈಯವರಿಗೆ ಅದು ಹಲಗೆ ಹೆರೆದಂತೆ ನುಣುಪಾಗಿ ಕೊಯ್ಯುತ್ತದೆ. ಎಡಗೈಯಲ್ಲಿ ಹಿಡಿದರೆ ಅದೇ ಚಾಕು ಬೇಡದ ಕಡೆಗೆ ಎಳೆಯುತ್ತದೆ. ಎಡಗೈಯವರಿಗೆಂದೇ ಮಾಡಿದ್ದು ಸಿಗದಿದ್ದರೆ ಎರಡೂ ಬದಿ ಸಮನಾಗಿ ಸಾಣೆ ಹಿಡಿದದ್ದನ್ನು ಕೊಳ್ಳಬೇಕು. ನರ್ಸರಿಯಲ್ಲಿ ಕೊಟ್ಟ ಚಾಕುವಿನಲ್ಲಿ ಕೊಯ್ತ ಸೊಟ್ಟಗಾಗುತ್ತದೆಂದು ಬೈಸಿಕೊಂಡು, ತನ್ನ ಕೈಯೇ ಸರಿಯಿಲ್ಲವೆಂದು ಅವಳು ನಂಬಿಬಿಟ್ಟಿದ್ದಳು. ಮನೆಯ ಚಾಕು ಹಿಡಿದು ಅಭ್ಯಾಸ ಮಾಡಲು ಹೋಗಿದ್ದೂ ಅದಕ್ಕೇ.

ಉಕ್ಕಿನ ವಿಚಾರದಲ್ಲಿ ಹೊಳಪಿಗೆ ಮರುಳಾಗಬಾರದು. ತುಕ್ಕು ಹಿಡಿಯದ ಉಕ್ಕಿಗೆ ಆ ಗುಣ ಬರುವುದು ಕ್ರೋಮಿಯಂನಿಂದ; ಅಂಚು ನಿಲ್ಲುವುದಕ್ಕೆ ಬೇಕಾದದ್ದು ಇಂಗಾಲ ಮತ್ತು ಹದ. ಇಂಗಾಲವಿರುವ ಉಕ್ಕನ್ನು ಅಯಸ್ಕಾಂತ ಹಿಡಿಯದಷ್ಟು, ಅಂದರೆ ೭೭೦ ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ, ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಗಡಸಾಗುತ್ತದೆ, ಜೊತೆಗೆ ಗಾಜಿನಂತೆ ಪೆಡಸೂ ಆಗುತ್ತದೆ. ಮತ್ತೆ ೨೨೦–೨೩೦ ಡಿಗ್ರಿಗೆ ಬಿಸಿ ಮಾಡಿದರೆ ಹುಲ್ಲಿನ ಹಳದಿ ಬಣ್ಣ ಮೂಡಿ ಪೆಡಸು ಇಳಿಯುತ್ತದೆ. ನಮ್ಮ ಕುಲುಮೆಗಳಲ್ಲಿ ಇದನ್ನು ಥರ್ಮಾಮೀಟರ್ ಇಲ್ಲದೆ ಬಣ್ಣ ನೋಡಿಯೇ ಮಾಡುತ್ತಿದ್ದರು. ಮಕ್ಕಳಿಗೆ ಫ್ಯಾರಡೆ ಗೊತ್ತು, ೧೮೩೧ರ ವಿದ್ಯುತ್ಕಾಂತೀಯ ಪ್ರೇರಣೆಯಿಂದ. ಆತ ಕಮ್ಮಾರನ ಮಗ. ೧೮೧೯ರ ಸುಮಾರಿಗೆ ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು–ಕತ್ತರಿ ಮಾಡುವವನ ಜೊತೆ ಸೇರಿ ಆತ ಪರೀಕ್ಷಿಸಿದ್ದು ಭಾರತದ ‘ವೂಟ್ಜ್’ ಉಕ್ಕನ್ನು. ಆ ಹೆಸರು ನಮ್ಮ ‘ಉಕ್ಕು’ ಶಬ್ದದಿಂದಲೇ ಬಂತೆಂದು ಹೇಳುತ್ತಾರೆ.

ಪಿಲ್ಲಗುಂಪೆಯಲ್ಲಿ ಕೈಗಾರಿಕಾ ಪ್ರದೇಶವಿರುವುದರಿಂದ ನಮಗೊಂದು ಅನುಕೂಲ. ಕಬ್ಬಿಣ ಕೊಯ್ದು ಸವೆದ ಯಂತ್ರದ ಗರಗಸದ ಬ್ಲೇಡುಗಳು ಗುಜರಿಗೆ ಬೀಳುತ್ತವೆ. ಸುಮಾರು ೫೦೦ ಡಿಗ್ರಿಯವರೆಗೂ ಹದ ಬಿಡದ ಹೈಸ್ಪೀಡ್ ಉಕ್ಕು ಅದು. ಕಾಯಿಸದೆ, ಬರೀ ಸಾಣೆಯಲ್ಲಿ ಉಜ್ಜಿ ಮಾಡಿಸಿದರೆ ಅಂಚು ಬಹಳ ದಿನ ನಿಲ್ಲುತ್ತದೆ. ಹಲ್ಲಿನ ಸಾಲು ಮಾತ್ರ ಗಡಸಾಗಿರುವ ಬೈಮೆಟಲ್ ಬ್ಲೇಡುಗಳೂ ಇವೆ. ಅವುಗಳ ಬೆನ್ನಿನ ಕಡೆ ಅಂಚು ತೆಗೆದರೆ ಬೇಗ ಮೊಂಡಾಗುತ್ತದೆ, ಕೇಳಿ ತಿಳಿದುಕೊಳ್ಳಬೇಕು. ಅವಳಿಗೆ ಎರಡೂ ಬದಿ ಸಮನಾಗಿ ಉಜ್ಜಿಸಿ, ಮರದ ಹಿಡಿ ಹಾಕಿಸಿದ್ದಾಯಿತು. ಮೊದಲ ವಾರ ಬೇವಿನ ಕಡ್ಡಿಗಳ ಮೇಲೆ ಅಭ್ಯಾಸ, ಆಮೇಲೆ ಗುಲಾಬಿ. ಈಗ ನರ್ಸರಿಯಲ್ಲಿ ಅವಳ ಕೊಯ್ತಕ್ಕೆ ಬೈಗುಳವಿಲ್ಲ.

ಚೂಪು ನೋಡಲು ಅಂಚಿನ ಮೇಲೆ ಬೆರಳಾಡಿಸುವ ಕೆಟ್ಟ ಚಾಳಿ ನಮ್ಮಲ್ಲಿ ಅನೇಕರಿಗಿದೆ. ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಮೊಂಡಾದ ಕಡೆ ಬೆಳಕು ಪ್ರತಿಫಲಿಸಿ ಬಿಳಿ ಗೆರೆ ಕಾಣುತ್ತದೆ. ಚೂಪಾಗಿದ್ದರೆ ಪ್ರತಿಫಲಿಸಲು ಅಲ್ಲಿ ಜಾಗವೇ ಇರುವುದಿಲ್ಲ.

ಇಂಥ ಚಾಕುವಿನಲ್ಲಿ ತೆಂಗಿನಕಾಯಿ ಕೀಳುವುದು, ಡಬ್ಬದ ಮುಚ್ಚಳ ಎಬ್ಬಿಸುವುದು ಮಾಡಿದರೆ ಅಂಚು ಚೂರಾಗುತ್ತದೆ. ಶಾಲೆಯ ಚೀಲಕ್ಕಂತೂ ಅದು ಸೇರಕೂಡದು. ಮನೆಯಲ್ಲಿ, ದೊಡ್ಡವರ ಎದುರು, ಆರೇಳನೆಯ ತರಗತಿಯ ಮಕ್ಕಳಿಗೆ ಹುರುಳಿಕಾಯಿ ಹೆಚ್ಚಲು ಕೊಡಿ. ಗಂಡುಮಕ್ಕಳಿಗೂ ಕೊಡಿ, ಹತ್ತನೆಯ ತರಗತಿಗೆ ಬಂದರೂ ಮಾವಿನಕಾಯಿ ಹೆಚ್ಚಲು ಬಾರದ ಗಂಡುಗಳನ್ನು ನಾನು ವರ್ಷ ವರ್ಷವೂ ನೋಡುತ್ತೇನೆ.

ಕೆಲಸ ಮುಗಿದ ಮೇಲೆ ತೊಳೆದು, ಒರೆಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ ಒರೆಗೆ ಹಾಕಬೇಕು. ಒರೆಯ ತಳದಲ್ಲಿ ಒಂದು ಸಣ್ಣ ತೂತಿರಲಿ, ಒಳಗೆ ನೀರು ನಿಲ್ಲುವುದಿಲ್ಲ.