ಶುಶ್ರೂಷೆ

'ಶುಶ್ರೂಷೆ' ಎಂಬ ಶಬ್ದವು 'ಶ್ರು' ಧಾತುವಿನಿಂದ ಹುಟ್ಟಿದುದು. ಕೇಳಬೇಕೆಂಬ ಇಚ್ಛೆಯೇ ಅದರ ಮೂಲಾರ್ಥ. ಉಪಚಾರವೆಂಬ ಅರ್ಥವು ಅನಂತರ ಬಂದುದು. ಇದನ್ನು ನಾನು ಬಹುಕಾಲ ಬಾಲಕರಿಗೆ ಬೋಧಿಸಿದೆನು. ಈ ಎರಡರ್ಥಗಳ ನಂಟು ಮನದಟ್ಟಾದುದು ಮಾತ್ರ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ.

ನನ್ನ ಅತ್ತಿಗೆಯವರಿಗೆ 78 ವರ್ಷ. ದೇವರ ದೀಪದಿಂದ ಸೆರಗಿಗೆ ಬೆಂಕಿ ತಗುಲಿ ಬಲತೋಳೂ ಎದೆಯ ಒಂದು ಭಾಗವೂ ಬೆಂದವು. "ನೋವೇನೂ ಇಲ್ಲಪ್ಪ, ಮನೆಗೆ ಹೋಗೋಣ" ಎಂದರು. ಬಂಧುಗಳಿಗೆ ಸಮಾಧಾನವಾಯಿತು, ದಾದಿಯವರ ಮುಖ ಗಂಭೀರವಾಯಿತು. ಆಳಕ್ಕಿಳಿದ ಬೆಂಕಿಯು ನೋವನ್ನು ತಿಳಿಸುವ ನರಗಳನ್ನೇ ಸುಡುವುದೆಂದೂ, ಆದುದರಿಂದ ನೋವಿಲ್ಲದ ಗಾಯವೇ ಹೆಚ್ಚು ಭಯಂಕರವೆಂದೂ ಅವರು ವಿವರಿಸಿದರು.

ಸುಶ್ರುತಾಚಾರ್ಯರು ಸುಟ್ಟಗಾಯವನ್ನು ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧವೆಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಇಂದಿನವರು ಆಳದೊಡನೆ ವಿಸ್ತಾರವನ್ನೂ ಅಳೆಯುವರು. ರೋಗಿಯ ಬೆರಳುಸಹಿತವಾದ ಅಂಗೈಯು ಮೈಯ ನೂರರಲ್ಲಿ ಸುಮಾರು 1 ಪಾಲು. ಒಂದು ತೋಳು 9 ಪಾಲು. ವಯಸ್ಸಿಗೆ ಈ ಪಾಲನ್ನು ಕೂಡಿಸಿ ಅಪಾಯವನ್ನು ಎಣಿಸುವ ಕ್ರಮವನ್ನು 1961ರಲ್ಲಿ ಬೋ ಎಂಬ ಫ್ರೆಂಚ್ ವೈದ್ಯರು ತಿಳಿಸಿದರು. ಮೊತ್ತವು 100 ಮುಟ್ಟಿದರೆ ಆ ಕಾಲದಲ್ಲಿ ಬಹುಮಟ್ಟಿಗೆ ಆಸೆ ಬಿಡಬೇಕಾಗಿದ್ದಿತು. ಅತ್ತಿಗೆಯವರದು 78ಕ್ಕೆ 15 ಸೇರಿ 93. ಅದೇ ಗಾಯವು 20ರ ತರುಣನಿಗಾಗಿದ್ದರೆ 35 ಮಾತ್ರ!

ಮುಪ್ಪಿನಲ್ಲಿ ಚರ್ಮವು ತೆಳು, ಹೃದಯವೂ ಮೂತ್ರಪಿಂಡಗಳೂ ದುರ್ಬಲ. ನಾಳಕ್ಕೆ ಕೊಡುವ ದ್ರವವು ಕಡಿಮೆಯಾದರೆ ಮೂತ್ರಪಿಂಡಕ್ಕೆ ಕೇಡು. ಹೆಚ್ಚಾದರೆ ಶ್ವಾಸಕೋಶದಲ್ಲಿ ನೀರು. ಆದುದರಿಂದ ಗಂಟೆಗಂಟೆಗೂ ಮೂತ್ರವನ್ನು ಅಳೆದು ಬರೆಯುತ್ತಿದ್ದರು; ಉಸಿರಾಟವನ್ನು ಆಲಿಸುತ್ತಿದ್ದರು. ಏಳನೆಯ ರಾತ್ರಿ ಅತ್ತಿಗೆಯವರು ಎಂದೋ ಸ್ವರ್ಗಸ್ಥರಾದ ನನ್ನ ಅಣ್ಣನವರೊಡನೆ ಮಾತನಾಡತೊಡಗಿದರು. ಜ್ವರವಿರಲಿಲ್ಲ. ಆದರೂ ದಾದಿಯವರು ಇದನ್ನು ಮುಪ್ಪಿನ ಮರುಳೆಂದು ಬಿಡದೆ, ಸೋಂಕನ್ನು ಶಂಕಿಸಿ ವೈದ್ಯರನ್ನು ಕರೆಸಿದರು. ಶಂಕೆಯು ನಿಜವಾಗಿದ್ದಿತು. ವೃದ್ಧರಲ್ಲಿ ಸೋಂಕು ಜ್ವರವಿಲ್ಲದೆಯೇ ಬುದ್ಧಿಭ್ರಮೆಯಾಗಿ ತೋರುವುದುಂಟಂತೆ. ಮುಂದೆ ತೊಡೆಯ ಚರ್ಮವನ್ನು ಗಾಯಕ್ಕೆ ಕಸಿಮಾಡಿದರು. ಎರಡು ತಿಂಗಳಿಗೆ ಅತ್ತಿಗೆಯವರು ಮನೆಗೆ ಬಂದರು. ಬಲತೋಳು ಈಗಲೂ ತಲೆಯವರೆಗೆ ಏಳದು; ತುರುಬು ಕಟ್ಟಲು ಸೊಸೆಯೇ ಬೇಕು.

ವಾಚಕರಲ್ಲಿ ಒಂದು ವಿಜ್ಞಾಪನೆ. ಮನೆಯ ಹಿರಿಯರಿಗೆ ಬೆಂಕಿ ತಗುಲಿದರೆ ಗಾಯದ ಮೇಲೆ 20 ನಿಮಿಷ ತಣ್ಣೀರು ಹರಿಯಬಿಡತಕ್ಕದ್ದು. ಉಳಿದ ಮೈಯನ್ನು ಹೊದಿಸಿ ಬೆಚ್ಚಗಿಡತಕ್ಕದ್ದು. ಮಂಜುಗಡ್ಡೆ, ಬೆಣ್ಣೆ, ಶಾಯಿ ಸಲ್ಲವು. ಮಕ್ಕಳಿಗೆ ತೊಂದರೆಯಾಗಬಾರದೆಂದೂ ಹಿರಿಯರು "ನೋವಿಲ್ಲ" ಎನ್ನುವುದುಂಟು. ಆ ಮಾತು ಕಿವಿಗೆ ಬಿದ್ದರೆ ಆಸ್ಪತ್ರೆಗೆ ಇನ್ನಷ್ಟು ಬೇಗನೆ ಹೊರಡಬೇಕು.